ಸರಿ, ಬೆಸ

ಕಾಶ್ಕಾ-ಕೋಲ್ ಸರೋವರದ ದಂಡೆಯ ಪೆಟ್ಟಿಗೆಯಿಂದ
ಉಗುರಿನಷ್ಟು ಕಾರ್ಡು ಕಿತ್ತು ತಂದೆ,
ಮಂಗಳವಾರ, ಹನ್ನೊಂದು ಇಪ್ಪತ್ತಕ್ಕೆ. ಕೈಗಡಿಯಾರ ನೋಡಿ
ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡೆ.
ಆ ಬೇಸಿಗೆಯಲ್ಲಿ ನಾನು ಮಾಡಿದ ಜಾಣತನ ಅದೊಂದೇ.

ತಾಬಿಲ್ದಿಯ ಉಣ್ಣೆಗುಡಾರದೊಳಗೆ, ಬೆರಣಿಯ ಒಲೆ ಪಕ್ಕ
ಲ್ಯಾಪ್‌ಟಾಪ್ ತೆರೆದರೆ
ಇನ್ನೂರ ಹನ್ನೆರಡು ಕಡತ,
ಇನ್ನೂರ ಹನ್ನೆರಡಕ್ಕೂ ಒಂದೇ ಜನ್ಮದಿನ:
ಸಾವಿರದ ಒಂಬೈನೂರ ಎಂಬತ್ತು, ಜನವರಿ ಒಂದು, ನಡುರಾತ್ರಿ.

ಆಗ ನಾನಿನ್ನೂ ಹುಟ್ಟಿರಲಿಲ್ಲ.
ಆಗ ಇದ್ದ ದೇಶ ಈಗಿಲ್ಲ.
ಮೊನ್ನೆ ಸೇತುವೆ ಕೊಚ್ಚಿಕೊಂಡು ಹೋದ ನೀರು
ಆ ಇಲ್ಲದ ದೇಶದ ಹೊಸವರ್ಷಕ್ಕೆ ಹರಿಯಿತಂತೆ.

ಯಾರನ್ನು ಬಯ್ಯಲಿ?
ಕಡತ ತೆರೆಯುವ ಮುನ್ನ ಆ ಪುಟ್ಟ ಯಂತ್ರ
ಒಂದೇ ಒಂದು ಮಾತು ಕೇಳುತ್ತದೆ: ಈಗ ಎಷ್ಟು ಹೊತ್ತು?
ಗಡಿಯಾರವನ್ನು ಕೇಳು, ಅದು ಸತ್ತಿದ್ದರೆ
ಇಗೋ ಈ ತಾರೀಕು ಹೇಳಿಬಿಡು ಎಂದು
ಕಲಿಸಿದವಳು ನಾನೇ, ಎರಡು ವರ್ಷದ ಹಿಂದೆ,
ಬಿಷ್ಕೆಕ್‌ನಲ್ಲಿ, ಊಟಕ್ಕೆ ಏಳುವ ಅವಸರದಲ್ಲಿ.
'ಸದ್ಯಕ್ಕಿರಲಿ' ಎಂದು ಪಕ್ಕದಲ್ಲಿ ಟಿಪ್ಪಣಿ ಬೇರೆ.
ಮೊದಲ ಚಳಿಗೇ ಬಿಲ್ಲೆ ಬ್ಯಾಟರಿ ಸತ್ತಿದೆ.
ಸದ್ಯ ಹಾಗೇ ಉಳಿದಿದೆ.

ಇರಲಿ, ಎಣಿಸೋಣ. ಹತ್ತು ನಿಮಿಷಕ್ಕೊಂದು ಸಾಲು.
ಕೊನೆಯಿಂದ ಹಿಂದಕ್ಕೆ, ಹಿಂದಕ್ಕೆ,
ಹೆಣೆದ ಕಾಲುಚೀಲ ಬಿಚ್ಚಿದ ಹಾಗೆ.
ಆರುನೂರ ಹದಿನೇಳು ಸಾಲು ಬಿಚ್ಚಿದಾಗ
ಸರೋವರ ನಾಲ್ಕು ಮೀಟರು ಕುಸಿದಿತ್ತು.
ನಾಲ್ಕು ದಿನ, ಆರು ಗಂಟೆ, ಐವತ್ತು ನಿಮಿಷ.
ಅಂಗೈ ಬಿಡಿಸಿ ಕಳೆದೆ: ಶುಕ್ರವಾರ, ನಸುಕಿನ ನಾಲ್ಕೂವರೆ.

"ಶುಕ್ರವಾರವೇ," ಎಂದ ತಾಬಿಲ್ದಿ, ಬಟ್ಟಲಿಗೆ ಕುಮಿಸ್ ಸುರಿಯುತ್ತ.
"ಬೂದುಕುದುರೆ ಈಯುತ್ತಿತ್ತು. ಮುಂಗಾಲೆರಡು ಹೊರಗೆ,
ಮೂತಿ ಇನ್ನೂ ಒಳಗೆ. ಆಗ ಬೆಟ್ಟ ಕೆಮ್ಮಿತು.
ನಾನು ಹಿಡಿದ ಕಾಲು ಬಿಡಲಿಲ್ಲ. ಹನ್ನೊಂದು ಕುರಿ ಹೋದವು.
ಇದೊಂದು ಬಂತು."
ಗುಡಾರದ ಬಾಗಿಲಲ್ಲಿ ಇದೊಂದು
ತನ್ನ ಕಾಲುಗಳನ್ನೇ ನಂಬದೆ ನಿಂತಿತ್ತು.

ಜಿಲ್ಲಾ ಕಚೇರಿಯ ಸಾತಿಬಾಲ್ದಿಯೆವ್ ಫೋನಿನಲ್ಲಿ:
"ಎಂಬತ್ತರ ಕಡತಕ್ಕೆ ಪರಿಹಾರ ಕೊಡಲು ಬರುವುದಿಲ್ಲ, ತಂಗಿ.
ತಾರೀಕು ತಿದ್ದಿ ಕಳಿಸಿ. ಒಂದು ಸಾಲಿನ ಕೆಲಸವಲ್ಲವೇ?"
ಹೌದು, ಒಂದೇ ಸಾಲು. ಬೆರಳು ಅದರ ಮೇಲೇ ಇತ್ತು.
ಆದರೆ ಕೈಗೆ ಬಂದ ತಾರೀಕು ಹಾಕಬಹುದಾದರೆ
ಶುಕ್ರವಾರವೂ ಒಂದೇ, ಎಂಬತ್ತೂ ಒಂದೇ.
ಕಡತವನ್ನು ಅದರ ಸುಳ್ಳಿನ ಸಮೇತ ಬಿಟ್ಟೆ.
ಬೇರೆ ಹಾಳೆಯಲ್ಲಿ ಕಳೆಯುವ ಲೆಕ್ಕ ಬರೆದೆ.
ಸಾಕ್ಷಿ: ಒಂದು ಹೆಣ್ಣುಕುದುರೆ, ಬೂದುಬಣ್ಣ.
ಕೆಳಗೆ ತಾಬಿಲ್ದಿಯ ರುಜು, ನನ್ನದು.
ಉತ್ತರ ಇನ್ನೂ ಬಂದಿಲ್ಲ.

ಮರುದಿನ ಮತ್ತೆ ಹತ್ತಿ ಪೆಟ್ಟಿಗೆಗೆ ಬುದ್ಧಿ ಹೇಳಿದೆ:
ಎದ್ದೊಡನೆ ಬರೆಯಬೇಡ. ಆಕಾಶ ನೋಡು.
ನಾಲ್ಕು ಉಪಗ್ರಹ ಕಣ್ಣಿಗೆ ಬೀಳುವ ತನಕ ಕಾಯಿ,
ಅವು ಹೇಳಿದ್ದಕ್ಕೆ ನಮ್ಮ ಆರು ಗಂಟೆ ಕೂಡಿಸು,
ಆಮೇಲೆ ಕಡತ ತೆರೆ.
ಮೋಡವಿದ್ದು ಏನೂ ತಿಳಿಯದಿದ್ದರೆ
ತಿಳಿಯದು ಎಂದು ಹೆಸರಿನಲ್ಲೇ ಬರೆ. ಹುಟ್ಟಿಸಿ ಹೇಳಬೇಡ.

ಒಂದು ಮಾತ್ರ ನನ್ನ ಕೈಲಾಗಲಿಲ್ಲ.
ಆ ಹಳೆಯ ಪದ್ಧತಿ ಸೆಕೆಂಡಿಗೆಂದು ಇಟ್ಟದ್ದು ಐದೇ ಬಿಟ್ಟು ಜಾಗ;
ಎರಡೆರಡೇ ಎಣಿಸುತ್ತದೆ. ಸರಿಯಷ್ಟೇ ಅದಕ್ಕೆ ಸರಿ,
ಬೆಸ ಎಂಬುದಿಲ್ಲ. ಬೆಸ ಸೆಕೆಂಡಿನಲ್ಲಿ ಏನೇ ಆದರೂ
ಒಂದು ಸೆಕೆಂಡು ಮೊದಲೇ ಆಯಿತೆಂದು ಬರೆದುಕೊಳ್ಳುತ್ತದೆ.

ತಾಬಿಲ್ದಿಗೆ ಹೇಳಿದೆ. ಮರಿಯ ಕಿವಿ ಉಜ್ಜುತ್ತ ಯೋಚಿಸಿ,
"ಆ ಒಂದು ಸೆಕೆಂಡಲ್ಲೇ
ಮೂತಿ ಹೊರಗೆ ಬಂದದ್ದು," ಎಂದ.