ಗೋಡೆಯಲ್ಲಿ ಐದಡಿ

ಸಂಬಳದ ಚೀಟಿಯ ಬೆನ್ನಿಗೆ ಮೊದಲ ನಕ್ಷೆ:
ಉದ್ದ ಐದಡಿ, ಒಳಕ್ಕೆ ಎರಡು, ಎತ್ತರ ಎರಡೂವರೆ.
ಹಾಲಿಗೂ ಉಗ್ರಾಣಕ್ಕೂ ನಡುವಿನ ಗೋಡೆ ಕೊರೆದು ಕೂರಿಸುವುದು.
ಮುಂದೆ ಬರೀ ಗಾಜು. ಹಿಂದೆ ಅದರ ಸಂಸಾರ:
ಪಂಪು, ನೊರೆ ತೆಗೆಯುವ ಕೊಳವೆ, ಚಿಲ್ಲರ್,
ಕರೆಂಟ್ ಹೋದರೆ ಉಸಿರಿಗೊಂದು ಬ್ಯಾಟರಿ.
ಮೇಲೆ ಕೈ ತೂರುವಷ್ಟು ಬಾಗಿಲು. ಇದನ್ನು ಮರೆತವನು
ಆಮೇಲೆ ಅಳುತ್ತಾನೆ, ಎಂದಿದ್ದ ಅಂಗಡಿಯ ಜೆರೋಮ್.
ತುಂಬಿದಾಗ ತೂಕ
ಒಂದು ಟನ್ನಿಗೆ ನಾಲ್ಕೇ ಬಿಂದಿಗೆ ಕಡಿಮೆ.

ಹಗಲು ನಾನು ಹಿದ್ದ್‌ನಲ್ಲಿ ಕಡಲಿನಿಂದ ಉಪ್ಪು ಬಿಡಿಸುವವ.
ಹದಿನಾರು ವರ್ಷ, ಮೂರು ಪಾಳಿ.
ಆ ನೀರೇ ನಮ್ಮ ನಲ್ಲಿಗೆ ಬಂದರೆ
ಇನ್ನೊಮ್ಮೆ ಸೋಸಿ, ಏನೂ ಉಳಿಯದ ಹಾಗೆ ಸೋಸಿ,
ಡಬ್ಬದ ಉಪ್ಪು ತೂಗಿ ಹಾಕಿ
ತಿರುಗಿ ಕಡಲು ಮಾಡಬೇಕು.

ಫ್ಲೇವಿಯಾ ಲೆಕ್ಕ ಕೇಳಿದಳು, ಸೌಟು ಕೈಯಲ್ಲೇ:
"ಬೀದಿ ದಾಟಿದರೆ ಸಮುದ್ರ ಉಂಟು ಮಾರಾಯ್ರೆ,
ಎರಡು ಕೊಡ ತಂದರೆ ಯಾರು ಬೇಡ ಅಂತಾರೆ?"
ಅದು ಉಪ್ಪು ಜಾಸ್ತಿ, ಎಂದೆ.
ಜಾಸ್ತಿಯಾದದ್ದರಲ್ಲಿ
ನಾವು ಹಿಂದಕ್ಕೆ ಬಿಡುವ ಪಾಲೆಷ್ಟು ಎಂದು
ಅವಳು ಕೇಳಲಿಲ್ಲ. ನಾನು ಸಾರು ಬಡಿಸಿಕೊಂಡೆ.

ಮನೆ ಅಬು ಈಸಾರದ್ದು. ಮುಹರ್ರಕ್‌ನ ಹಳೆ ಓಣಿ,
ಎರಡು ಹೆಗಲು ಎದುರಾದರೆ ಒಂದು ಸರಿಯಬೇಕು.
ಒಪ್ಪಿಗೆ ಕೊಡುವ ಮುಂಚೆ ಕೋಲಿನಿಂದ ಗೋಡೆ ತಟ್ಟಿದರು,
ಹಲಸು ಬೆಳೆಯಿತೇ ಎಂದು ನೋಡುವವರ ಹಾಗೆ.
"ಮೇಲೆ ಕಬ್ಬಿಣದ ತೊಲೆ ಕೊಡು. ಆಮೇಲೆ ಕೊರೆ."

ಗುಲ್‌ನವಾಜ್ ಕೊರೆದ. ಒಂದಿಂಚು ಸಿಮೆಂಟು,
ಅದರಡಿ ಸುಣ್ಣ, ಅದರಡಿ...
ಮೆಷಿನ್ನು ನಿಲ್ಲಿಸಿದ.
"ಸಾಬ್, ಇದು ಕಲ್ಲಲ್ಲ."
ಬಿಳಿ ಗಟ್ಟಿ. ಮೈತುಂಬ ತೂತು. ಪ್ರತಿ ತೂತಿನೊಳಗೆ
ಯಾರೋ ಸಣ್ಣ ನಕ್ಷತ್ರದ ಅಚ್ಚೊತ್ತಿದ ಹಾಗೆ.
ಹವಳ.

ಅಬು ಈಸಾರಿಗೆ ಆಶ್ಚರ್ಯವೇ ಇಲ್ಲ.
"ಇಳಿತದ ಹೊತ್ತಿಗೆ ನನ್ನಪ್ಪ ನಡೆದು ಹೋಗಿ
ಹಾರೆಯಲ್ಲಿ ಎಬ್ಬಿಸಿ ತಂದದ್ದು, ಕತ್ತೆಗೆ ಆರು ತುಂಡು.
ಮೊದಲ ಬೇಸಿಗೆ ಯಾರೂ ಒಳಗೆ ಮಲಗಲಿಲ್ಲ, ಅಷ್ಟು ನಾತ.
ಓಣಿ ಪೂರ್ತಿ ಹೀಗೆಯೇ."
ಚಹಾ ಮುಗಿಸಿ ಎದ್ದು ಹೋದರು.

ಅದೇ ವಾರ ನನ್ನ ಪೆಟ್ಟಿಗೆ ಬಂತು, ಜರ್ಮನಿಯಿಂದ:
ಮಣ್ಣು ಸುಟ್ಟು ಮಾಡಿದ ಬಂಡೆ, ನೇರಳೆ ಬಣ್ಣದ್ದು,
ಅರವತ್ತು ದಿನಾರು. ಜೊತೆಗೊಂದು ಪ್ರಮಾಣಪತ್ರ:
ಯಾವ ಕಡಲಿನಿಂದಲೂ ತೆಗೆದದ್ದಲ್ಲ.

ಗೋಡೆಯ ತುಂಡೊಂದನ್ನು ಬಕೆಟ್ಟಿನಲ್ಲಿ ನೆನೆಹಾಕಿ ನೋಡಿದೆ.
ಒಂದು ತಿಂಗಳು ಸುಣ್ಣ ಬಿಡುತ್ತಲೇ ಇತ್ತು.
ಆಗದು. ಮನೆಯಾಗಿ ಬಹಳ ಕಾಲವಾಯಿತು ಅದಕ್ಕೆ.
ಈಗ ಉಗ್ರಾಣದ ಬಾಗಿಲು ಬಡಿಯದ ಹಾಗೆ ತಡೆದು ಕೂತಿದೆ.

ನೀರು ತುಂಬಿ ಆರು ವಾರ ಏನನ್ನೂ ಬಿಡಬಾರದು,
ಕಣ್ಣಿಗೆ ಕಾಣದವು ಮೊದಲು ಒಕ್ಕಲಾಗಬೇಕು.
ಬರಿನೀರಿಗೆ ನೀಲಿ ದೀಪ ಹಚ್ಚಿ ಕೂತ ನಮ್ಮನ್ನು ನೋಡಿ
ಪಕ್ಕದ ಮನೆಯ ಉಮೇರಾ: "ಟಿವಿ ಕೆಟ್ಟಿತಾ?"

ಆಗಸ್ಟಿನಲ್ಲಿ ಕರೆಂಟ್ ಹೋಯಿತು, ಒಂದೂಮುಕ್ಕಾಲು ಗಂಟೆ.
ನೀರು ಇಪ್ಪತ್ತೊಂಬತ್ತು ಡಿಗ್ರಿ ದಾಟಿತು.
ಫ್ಲೇವಿಯಾ ಫ್ರೀಜರಿನ ಬಂಗುಡೆ ಸರಿಸಿ
ಐಸುಗಟ್ಟಿದ ಬಾಟಲಿ ತಂದಳು, ಒಂದು, ಎರಡು, ಏಳು.
ಯಾವಾಗ ಇಟ್ಟಿದ್ದಳೋ. ನನಗೆ ಹೇಳಿರಲಿಲ್ಲ.
ಒಳಗೆ ಆಗ ಇದ್ದದ್ದು ಮೂರು ಬಸವನಹುಳ,
ಹೆಬ್ಬೆರಳಷ್ಟು ಹವಳ.
ಅಷ್ಟಕ್ಕೇ ಇಬ್ಬರೂ ಬೆವರಿ, ಮಾತಿಲ್ಲದೆ
ಬಾಟಲಿ ತೇಲಿಸಿದೆವು.

ಚೌಕಟ್ಟಿನ ಬಲಕ್ಕೆ ಒಂದು ಗೇಣು ಗಾರೆ ಮಾಡಿಸಲಿಲ್ಲ ನಾನು,
ಹಾಗೇ ಬಿಟ್ಟೆ.
ದೀಪ ಆರಿಸಿದ ಮೇಲೆ ಒಳಗಿನ ಹೆಬ್ಬೆರಳು ಬಾಯಿ ತೆರೆಯುತ್ತದೆ.
ಟಾರ್ಚು ಹಿಡಿದು ಎಣಿಸಿದೆ: ನಲವತ್ತೊಂದು.
ಫ್ಲೇವಿಯಾ ಮೇಲಿನ ಬಾಗಿಲಿನಿಂದ ಕೈ ತೂರಿ
ಚಿಟಿಕೆ ಪುಡಿ ಉದುರಿಸುತ್ತಾಳೆ.
ನಿನ್ನೆ ಗಾಜೊರೆಸಿದ ಬಟ್ಟೆಯನ್ನು
ಬದಿಯ ಗೇಣಿನ ಮೇಲೂ ಆಡಿಸಿ,
ಒಂದು ತೂತಿಗೆ ಕಿರುಬೆರಳಿಟ್ಟು ಕೇಳಿದಳು:
"ಇದಕ್ಕೆ ಎಂತ ಹಾಕುವುದು?"