ಬಲದಿಂದ ಎಡಕ್ಕೆ

ಬೀದರಿನ ಉಸ್ಮಾನಗಂಜಿನಲ್ಲಿ, ತೊಗರಿ ಅಡತಿಯ ಹಿಂದೆ,
ತಗಡಿನ ಬಾಗಿಲು ಅರ್ಧ ಇಳಿಬಿಟ್ಟ ಕೋಣೆ.
ರೂಪಾಯಿಗೆ ಹತ್ತು ನಿಮಿಷ.
ಗಡಿಯಾರಕ್ಕೆ ಗಾಜಿರಲಿಲ್ಲ. ಮುನೀರನ ತಂಗಿ ತಹಸೀನ್
ಬೆರಳಿನಿಂದ ಮುಳ್ಳು ಮುಟ್ಟಿ ಹೇಳುತ್ತಿದ್ದಳು:
"ಮುಗೀತು. ಏಳು."
ಮುಳ್ಳನ್ನು ಮುಂದಕ್ಕೆ ತಳ್ಳುತ್ತಿದ್ದಳೆಂದು
ಈಗಲೂ ನನಗೆ ಗುಮಾನಿ.

ಕ್ಯಾಸೆಟ್ಟಿನ ಚೀಟಿ ಹರಿದುಹೋಗಿತ್ತು.
ಆಟಕ್ಕೆ ಹೆಸರಿಲ್ಲ, ಹುಡುಗನಿಗೂ.
ಊದಿ, ಒರೆಸಿ, ಮತ್ತೆ ಊದಿ ಸಿಕ್ಕಿಸಿದರೆ
ಎಡಗಡೆಯಿಂದ ಬಂದು ನಿಲ್ಲುತ್ತಿದ್ದ,
ಬಲಕ್ಕೆ ಓಡುವುದೊಂದೇ ಗೊತ್ತಿದ್ದವನು.
ಗುಂಡಿ ಬಂದರೆ ಜಿಗಿ, ಬಾವಲಿ ಬಂದರೆ ಬಗ್ಗು.
ಹಲ್ಲಿನ ಚಕ್ರಕ್ಕೆ ನಾವಿಟ್ಟ ಹೆಸರು ಗಿರಣಿ,
ನಾಲ್ಕನೆಯ ಕೋಟೆಯ ದಢೂತಿಗೆ ನಮ್ಮ ಹೆಡ್‌ಮಾಸ್ಟರರದು,
ಇಲ್ಲಿ ಬರೆಯಲಾರೆ.
ನೆಲದಡಿಯ ನೀರಿನ ಸುರಂಗ ಬಂದಾಗ
ಝರೆಪ್ಪ ಪ್ರತಿಸಲ ಅನ್ನುತ್ತಿದ್ದ:
"ಇದು ನಮ್ಮ ಕರೇಜೇ ಅದ. ನಾ ಇಳದೀನಿ."
ಇಳಿದಿರಲಿಲ್ಲ.

ಟೀವಿ ಕಪ್ಪು-ಬಿಳುಪು.
ಹುಡುಗನ ಅಂಗಿ ಯಾವ ಬಣ್ಣವೆಂದು ಎರಡು ವರ್ಷ ಜಗಳ.
ನಮ್ಮಪ್ಪ ಬಿದರಿ ಕೆಲಸದವ.
ಕೋಟೆಯ ಮಣ್ಣು ತಿಕ್ಕಿ ಕಪ್ಪಾಗಿಸಿದ ಹೂಜಿಯ ಮೇಲೆ
ಬೆಳ್ಳಿ ತಂತಿ ಮಾತ್ರ ಬೆಳ್ಳಗೆ ಉಳಿಯುವುದನ್ನು
ದಿನಾ ನೋಡಿದ ನಾನು ಹೇಳಿದೆ:
ಅವನಿಗೆ ಬಣ್ಣವಿಲ್ಲ, ಬೆಳ್ಳಿ ಅವನು,
ಸುತ್ತಲಿನದಷ್ಟೇ ಕಪ್ಪಾಗಿದೆ.
ಯಾರೂ ಒಪ್ಪಲಿಲ್ಲ.

ಪ್ರತಿ ಕೋಟೆ ಗೆದ್ದಾಗ ಒಬ್ಬ ಮುದುಕ ಬಂದು
ಏನೋ ಹೇಳುತ್ತಿದ್ದ, ಇರುವೆ ಕಾಲಿನಂಥ ಅಕ್ಷರಗಳಲ್ಲಿ.
ಜಪಾನಿನದಂತೆ.
ನಮಗಿದ್ದದ್ದು ಕನ್ನಡ, ಕುಂಟುವ ಇಂಗ್ಲಿಷು.
ತಹಸೀನ್ ಉರ್ದು ಶಾಲೆಯವಳು.
ಎದ್ದು ಬಂದು, ಪರದೆಯ ಮೇಲೆ ಬೆರಳಿಟ್ಟು,
ಬಲದಿಂದ ಎಡಕ್ಕೆ ಓದುತ್ತಿದ್ದಳು, ತಡವರಿಸದೆ:
"ಅಂವ ಹೇಳ್ಲತ್ತಾನ, ನಿನ್ನ ಅಕ್ಕ ಗಿರಣಿ ಆಚೆ ಅದಾಳ.
ಮೂರು ದಿನದಿಂದ ಊಟ ಇಲ್ಲ. ಲಗೂ ಹೋಗು."
ಲಗೂ ಹೋದೆವು.
ಯಾರದೋ ಅಕ್ಕನಿಗಾಗಿ
ರೂಪಾಯಿ ರೂಪಾಯಿ ಸತ್ತೆವು.

ಕೊನೆಯ ಮುದುಕನನ್ನು ಕಂಡದ್ದು ಒಮ್ಮೆಯೇ.
ಝರೆಪ್ಪನ ಕೈ, ಉಳಿದದ್ದು ಒಂದೇ ಜೀವ.
ಅಕ್ಷರಗಳು ಒಂದೊಂದಾಗಿ ಬರತೊಡಗಿದವು,
ತಹಸೀನ್ ಎದ್ದಳು, ಬೆರಳಿಟ್ಟಳು,
ಕರೆಂಟು ಹೋಯಿತು.
ಕತ್ತಲಲ್ಲಿ ತೊಗರಿ ಧೂಳಿನ ವಾಸನೆ.
ಪರದೆಯ ನಡುವೆ ಒಂದು ಚುಕ್ಕಿ, ಸಣ್ಣಗಾಗುತ್ತ.
"ಏನಂದ?"
"ನಾಳೆ ಹೇಳ್ತೀನಿ."

ಆ ನಾಳೆ ಮುನೀರನ ಕೋಣೆಗೆ ಬೀಗ.
ಜಹೀರಾಬಾದಿಗೆ ಅಂದರು, ಇನ್ನೆಲ್ಲಿಗೋ ಅಂದರು.

ಈಗ ಆರು ಹಳೆಯ ಆಟ ಒಂದೇ ಕಟ್ಟಿನಲ್ಲಿ
ಮತ್ತೆ ಬಿಡುಗಡೆ, ಸಾವಿರದ ಎಂಟುನೂರಕ್ಕೆ.
ಅಣ್ಣನ ಮಗಳು ಮಾನಸಿ ಇಳಿಸಿಕೊಂಡಳು, ದುಡ್ಡು ನನ್ನದು.
ನಾಲ್ಕನೆಯದರಲ್ಲಿ ಅವನಿದ್ದ.
ಅವನಿಗೆ ಹೆಸರಿದೆ. ಅಂಗಿ ಕಿತ್ತಳೆ.
ಹೆಡ್‌ಮಾಸ್ಟರರಿಗೂ ಬೇರೆ ಹೆಸರು,
ಪೆನ್ಸಿಲಿನ ಮೂಲ ಚಿತ್ರ, ಪಕ್ಕದಲ್ಲಿ ತಾರೀಖು.
ಮಾನಸಿ ಗುಂಡಿಗೆ ಬೀಳುತ್ತಾಳೆ, ಒಂದು ಬಟನ್ ಒತ್ತುತ್ತಾಳೆ,
ಬಿದ್ದವನು ಮೇಲಕ್ಕೆ ಬೀಳುತ್ತಾನೆ,
ಬೆನ್ನು ಮುಂದಾಗಿ, ಬಲದಿಂದ ಎಡಕ್ಕೆ,
ಸಾವಿನ ಹೊಲಿಗೆ ಬಿಚ್ಚುತ್ತ.
"ಹಂಗಾದ್ರ ಅಂಜಿಕಿ ಎಲ್ಲಿ ಬಂತು?"
"ಅಂಜಿಕಿ ಯಾಕ ಬೇಕು ಕಾಕಾ?"
ನಾನು ಉತ್ತರ ಹುಡುಕುವಷ್ಟರಲ್ಲಿ
ಗಿರಣಿ ದಾಟಿದ್ದಳು.

ಒಂದೇ ಸಂಜೆಗೆ ಕೊನೆಯ ಮುದುಕ.
ಎಂಟು ಭಾಷೆಗಳಿದ್ದವು. ಇಂಗ್ಲಿಷ್ ಒತ್ತಿ ಓದಿ ಹೇಳಿದಳು:
ಶಾಂತಿ ಮರಳಿತು, ವೀರನೇ, ಇನ್ನು ವಿಶ್ರಮಿಸು.
ಅಕ್ಕ?
"ಯಾವ ಅಕ್ಕ?"
ಅವನು ಮೊದಲಿನಿಂದ ಹುಡುಕಿದ್ದು ಒಂದು ಹರಳನ್ನಂತೆ.

ರಾತ್ರಿ, ಅವಳು ಮಲಗಿದ ಮೇಲೆ, ಭಾಷೆ ಬದಲಿಸಿದೆ.
ಬಣ್ಣ ತೆಗೆದೆ. ಅದಕ್ಕೂ ಒಂದು ಬಟನ್ ಇದೆ,
ಹಳೆ ಟೀವಿಯ ಗೆರೆಗಳ ಸಮೇತ.
ಬೆಳ್ಳಿಯಾದ.
ಮುದುಕ ಬಂದ, ಇರುವೆಗಳು ಒಂದೊಂದಾಗಿ ಬಂದವು,
ಬಲದ ಅಂಚಿಗೆ ಬೆರಳಿಟ್ಟು
ಎಡಕ್ಕೆ ಎಳೆಯುತ್ತ ಹೋದೆ, ಅರ್ಧದವರೆಗೆ.
ಅಲ್ಲಿ ಕಾದೆ.

ಕರೆಂಟು ಹೋಗಲಿಲ್ಲ.