ಪ್ರತಿ ಐದನೇ ಮನೆ

ಲಗ್ಗೆರೆ, ನಾಲ್ಕನೇ ಅಡ್ಡರಸ್ತೆ. ಗೋಡೆ ಬಲಗೈಗಿರುವಂತೆ ನಡೆ,
ಪ್ರತಿ ಐದನೇ ಮನೆಯ ಬಾಗಿಲು ತಟ್ಟು. ನಿಯಮ ಅದು.
ತರಬೇತಿಯ ದಿನ ಜಯಸಿಂಹ ಸಾರ್ ಹೇಳಿದ್ದರು:
"ಅನ್ನ ಬೆಂದಿದೆಯಾ ನೋಡೋಕೆ ಒಂದಗುಳು ಸಾಕು ಕಣಯ್ಯ."
ಸಾರ್ ಒಲೆ ಮುಂದೆ ನಿಂತವರಲ್ಲ.
ತಳ ಹಿಡಿದದ್ದು ಮೇಲಿನ ಅಗುಳಿಗೆ ಹೇಗೆ ಗೊತ್ತಾಗಬೇಕು?

ಐದನೇ ಮನೆಗೆ ಬೀಗ.
ಗಾರ್ಮೆಂಟ್ಸಿಗೆ ಹೋಗವ್ರೆ, ರಾತ್ರಿ ಎಂಟಕ್ಕೆ ಬನ್ನಿ
ಅಂದಿತು ಪಕ್ಕದ ಮನೆಯ ಮಗು.
ಎಂಟಕ್ಕೆ ನಾನಿರುವುದಿಲ್ಲ.
ಹಾಗಾಗಿ ಹಗಲು ಮನೆಯಲ್ಲಿ ಸಿಕ್ಕವರದೇ
ಈ ಊರಿನ ಅಭಿಪ್ರಾಯ:
ಪಿಂಚಣಿಯವರು, ಬಾಣಂತಿಯರು,
ಕಾಲು ಮುರಿದುಕೊಂಡ ಒಬ್ಬ ಆಟೋ ಡ್ರೈವರ್.

ಹತ್ತನೆಯದು. ಮುನಿವೆಂಕಟಮ್ಮ, ಐವತ್ತೆಂಟೋ ಅರವತ್ತೆರಡೋ.
"ಸರ್ಕಾರದ ಕೆಲಸ ನಿಮಗೆ ತೃಪ್ತಿ ತಂದಿದೆಯೆ?
ಬಹಳ, ಸ್ವಲ್ಪ, ಅಷ್ಟಕ್ಕಷ್ಟೆ, ಏನೂ ಇಲ್ಲ?"
ಆಕೆ ನನ್ನ ಕೊರಳಿನ ಗುರುತಿನ ಚೀಟಿ ನೋಡಿದಳು,
ಒಳಗೆ ಹೋಗಿ ರೇಷನ್ ಕಾರ್ಡು ಹಿಡಿದು ಬಂದಳು.
"ನಾವು ಕಾರ್ಡಿನವರಲ್ಲಮ್ಮ."
"ಇರ್ಲಿ ಬಿಡಪ್ಪ. ಬಹಳ ಅಂತ ಬರ್ಕೊ. ಬಹಳ ತೃಪ್ತಿ.
ಹೆಸ್ರುಗಿಸ್ರು ತೆಗೆದುಬಿಟ್ಟಾರು."
ಬರೆದುಕೊಂಡೆ. ನಲ್ಲಿಯ ಮೂತಿಗೆ ಕಟ್ಟಿದ್ದ ಬಟ್ಟೆ
ಒಣಗಿ ಗರಿಗರಿಯಾಗಿತ್ತು.
ಅದರ ಬಗ್ಗೆ ಪ್ರಶ್ನೆ ಇರಲಿಲ್ಲ.

ಹದಿನೈದರಲ್ಲಿ ಹೆಂಡತಿಯನ್ನು ಕೇಳಿದರೆ ಗಂಡ ಹೇಳಿದ.
"ಅಕ್ಕಾ, ನೀವು ಹೇಳಿ."
"ಅವರು ಹೇಳಿದ್ದೇ."
ಆಮೇಲೆ ಕಸದ ಬಕೆಟ್ಟು ಹೊರಗಿಡುವ ನೆಪದಲ್ಲಿ
ಗೇಟಿನ ತನಕ ಬಂದು
ಸೆರಗಿನ ಮರೆಯಲ್ಲಿ ಎರಡು ಬೆರಳು ತೋರಿಸಿದಳು.
ಪಟ್ಟಿಯಲ್ಲಿ ಎರಡನೆಯದು ಅಂತಲೋ,
ಇಬ್ಬರದೂ ಒಂದೇ ಕತೆ ಅಂತಲೋ.
ಗಂಡನ ಉತ್ತರ ಒತ್ತಿಯಾಗಿತ್ತು.
ಆ್ಯಪು ಹಿಂದಕ್ಕೆ ಹೋಗುವುದಿಲ್ಲ.

ರಿಂಗ್ ರೋಡಿನ ಅಪಾರ್ಟ್‌ಮೆಂಟಿನಲ್ಲಿ ಗೇಟೇ ಬಾಗಿಲು.
ಕಾವಲಿನ ಹುಡುಗ ಮೇಲಕ್ಕೆ ಫೋನು ಮಾಡಿ
"ಬ್ಯಾಡಂತ್ರಿ" ಅಂದ.
ಮುನ್ನೂರ ಇಪ್ಪತ್ತು ಮನೆಗಳ ಅಭಿಪ್ರಾಯ ಅಷ್ಟೆ.
"ನನ್ನ ಕೇಳ್ರಿ, ನಾ ಹೇಳ್ತೀನಿ."
ಅವನ ಓಟು ಸಿಂಧನೂರಿನಲ್ಲಿತ್ತು.
ಆದರೂ ಹತ್ತು ನಿಮಿಷ ಹೇಳಿದ, ಬೆರಳು ಮಡಿಸಿ ಮಡಿಸಿ.
ಅವತ್ತು ನಾನು ಕೇಳಿದ ಒಂದೇ ಅಭಿಪ್ರಾಯ ಅದು.
ಅದನ್ನು ಎಲ್ಲೂ ಬರೆದುಕೊಳ್ಳಲಿಲ್ಲ.

ನಾಲ್ಕು ಗಂಟೆ. ಮೂವತ್ತಕ್ಕೆ ಎಂಟು ಕಡಿಮೆ.
ಫಾರಮ್ಮಿಗೆ ಎಪ್ಪತ್ತು ರೂಪಾಯಿ.
ದರ್ಶಿನಿಯ ಎತ್ತರದ ಮೇಜಿಗೆ ಮೊಣಕೈ ಊರಿ
ಕಾಫಿ ಆರುವಷ್ಟರಲ್ಲಿ ಎಂಟು ಜನರನ್ನು ಹುಟ್ಟಿಸಿದೆ.
ಒಬ್ಬಳಿಗೆ ತೀರಿಹೋದ ನನ್ನ ಸೋದರತ್ತೆಯ ವಯಸ್ಸು.
ಎಲ್ಲರೂ ತೃಪ್ತರಾದರೆ ಯಾರು ನಂಬುತ್ತಾರೆಂದು
ಪಿಲ್ಲಪ್ಪ ಅನ್ನುವವನಿಗೆ ಮಾತ್ರ
ತಡೆಯಲಾರದಷ್ಟು ಸಿಟ್ಟು ಕೊಟ್ಟೆ.
ನಾನೆಲ್ಲಿದ್ದೇನೆಂದು ಆ್ಯಪಿಗೆ ಗೊತ್ತಾಗುತ್ತದೆ;
ಆದ್ದರಿಂದ ಹೊರಗೆ ಬಂದು, ತಲೆಗೆ ಮೂವತ್ತು ಹೆಜ್ಜೆಯಂತೆ
ನಡೆದು ನಡೆದು ಒಂದೊಂದನ್ನೇ ಕಳಿಸಿದೆ.
ಪಿಲ್ಲಪ್ಪನ ಮನೆ ಇದ್ದದ್ದು ಟ್ರಾನ್ಸ್‌ಫಾರ್ಮರಿನ ಕೆಳಗೆ.

ವಾರದ ಮೇಲೆ ಟೀವಿಯಲ್ಲಿ ಬಣ್ಣಬಣ್ಣದ ಕಂಬಗಳು.
ಬೆಂಗಳೂರಿನ ಮನಸ್ಸು ಇಂತಿಷ್ಟು,
ಹೆಚ್ಚುಕಡಿಮೆ ಶೇಕಡ ಮೂರು.
ಆಸ್ಪತ್ರೆಗೆ ಹೊರಡುವಾಗ ಅಮ್ಮ ಅನ್ನುತ್ತಿದ್ದಳಲ್ಲ,
ಏನಾದರೂ ಹೆಚ್ಚುಕಡಿಮೆಯಾದರೆ ಅಂತ,
ಅದೇ ಮಾತು, ಪರದೆಯ ಕೆಳಗೆ
ಇರುವೆಯಷ್ಟು ಸಣ್ಣ ಅಕ್ಷರದಲ್ಲಿ.

ಎಣಿಕೆಯ ದಿನ ನೋಡಿದರೆ
ನಮ್ಮ ಲೆಕ್ಕ ಸರಿಯಾಗಿತ್ತು.
ಹೇಗೆಂದು ನನಗೆ ಇವತ್ತಿಗೂ ತಿಳಿದಿಲ್ಲ.
ಹೆದರಿದವರ ಸುಳ್ಳನ್ನು ನನ್ನ ಸುಳ್ಳು ಹೊಡೆದುಹಾಕಿತೋ,
ಪಿಲ್ಲಪ್ಪನಿಗೇ ಏನಾದರೂ ಗೊತ್ತಿತ್ತೋ.
ಸಾರ್ ಆಫೀಸಿಗೆಲ್ಲ ಮೈಸೂರುಪಾಕು ಹಂಚಿದರು.
ಬಾಯಲ್ಲಿಟ್ಟುಕೊಂಡಾಗ ಆ ಎರಡು ಬೆರಳು ನೆನಪಾದವು,
ಯಾವ ಕಂಬದೊಳಗೆ ಹೋಗಿ ಸೇರಿಕೊಂಡವೋ.

"ಖುಷಿನೇನಯ್ಯ?" ಅಂದರು ಸಾರ್, ಹೆಗಲು ತಟ್ಟಿ.
"ಬಹಳ, ಸಾರ್."
ಎರಡು ವಾರದ ದುಡ್ಡು ಇನ್ನೂ ಬಂದಿರಲಿಲ್ಲ.